ಬ್ಯಾಂಕಿನಲ್ಲಿ ಎಂಟು ವಾರ: ನಮ್ಮ ವಿದ್ಯಾರ್ಥಿನಿಯ ಇಂಟರ್ನ್‌ಶಿಪ್



ಕಳೆದ ವರ್ಷ ವಿದ್ಯಾರ್ಥಿವೇತನ ಸಮಿತಿಯ ಮುಂದೆ ನಮಗೆ ಅಭ್ಯಾಸವಿಲ್ಲದ ಒಂದು ಅರ್ಜಿ ಬಂತು. ಎಂ.ಬಿ.ಎ. ಓದುತ್ತಿರುವ ನಮ್ಮ ಫಲಾನುಭವಿ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಕಾಲೇಜು ಫೀಸನ್ನಲ್ಲ. ಮಂಗಳೂರಿನ ಒಂದು ದೊಡ್ಡ ಬ್ಯಾಂಕಿನ ಶಾಖೆಗೆ ಎಂಟು ವಾರ ಹೋಗಿಬರುವ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಮತ್ತು ಆ ಅವಧಿಯಲ್ಲಿ ಮನೆಪಾಠ ನಿಲ್ಲಿಸುವುದರಿಂದ ತಪ್ಪಿಹೋಗುವ ಆದಾಯದ ಅರ್ಧ ಪಾಲು. ಬ್ಯಾಂಕಿನಿಂದ ಆಕೆಗೆ ಒಂದು ಪೈಸೆಯೂ ಸಿಗುವುದಿಲ್ಲ ಎಂದು ಅರ್ಜಿಯಲ್ಲೇ ಬರೆದಿದ್ದಳು. "ಸಂಬಳ ಇಲ್ಲದ ಕೆಲಸಕ್ಕೆ ದಾನಿಗಳ ಹಣ ಯಾಕೆ?" ಎಂದು ಸಭೆಯಲ್ಲಿ ಕೇಳಿದವರಲ್ಲಿ ನಾನೂ ಒಬ್ಬ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವನಾದರೂ ಇಂಟರ್ನ್‌ಶಿಪ್ ಎಂದರೆ ಏನೆಂದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಆದ್ದರಿಂದ ಈ ಲೇಖನ ಬರೆಯುವ ಹೊಣೆಯನ್ನು ಸಮಿತಿಯವರು ನನಗೇ ಕೊಟ್ಟಿದ್ದಾರೆ.

ಬಿ.ಎಡ್. ಮಾಡಿದವರಿಗೆ ಒಂದು ಹೋಲಿಕೆಯಿಂದ ಹೇಳಬಹುದು. ನಾವು ಬೋಧನಾ ಅಭ್ಯಾಸಕ್ಕೆಂದು ಬೇರೆ ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದೆವಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತ ಗುರುಗಳು ತಪ್ಪು ಬರೆದುಕೊಳ್ಳುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ವಿದ್ಯಾರ್ಥಿಗೆ ಕಾಲೇಜಿನಲ್ಲೊಬ್ಬರು, ಸಂಸ್ಥೆಯಲ್ಲೊಬ್ಬರು ಮಾರ್ಗದರ್ಶಿ ಇರುತ್ತಾರೆ. ಕೊನೆಯಲ್ಲಿ ವರದಿ ಬರೆಯಬೇಕು, ಮೌಖಿಕ ಪರೀಕ್ಷೆ ಎದುರಿಸಬೇಕು. ಅದಕ್ಕೆ ಅಂಕಗಳಿವೆ. ಆಕೆಯ ಕಾಲೇಜಿನಲ್ಲಿ ಇದು ಕಡ್ಡಾಯ, ಇದನ್ನು ಬಿಟ್ಟರೆ ಪದವಿಯೇ ಇಲ್ಲ. ಈ ಮಾತು ಗೊತ್ತಾದ ಮೇಲೆ ನಮ್ಮ ಆಕ್ಷೇಪ ಅರ್ಧ ಕರಗಿತು.

ಮನೆಯಲ್ಲಿ ಬೇರೊಂದು ಪ್ರಶ್ನೆ ಎದ್ದಿತ್ತು. ಬಡ್ಡಿಯ ವ್ಯವಹಾರ ನಡೆಯುವ ಜಾಗಕ್ಕೆ ಹುಡುಗಿಯನ್ನು ಕಳಿಸುವುದು ಸರಿಯೇ ಎಂದು ಅವಳ ಸೋದರಮಾವ ಕೇಳಿದರು. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ವಿದ್ವಾಂಸರಲ್ಲೇ ಈ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ, ನಮ್ಮ ಟ್ರಸ್ಟ್ ಫತ್ವಾ ಕೊಡುವ ಸಂಸ್ಥೆಯೂ ಅಲ್ಲ. ಮನೆಯವರು ತಮ್ಮ ಜಮಾಅತಿನ ಖತೀಬರಲ್ಲಿ ಕೇಳಿ ತಾವೇ ತೀರ್ಮಾನಿಸಿದರು: ಕಲಿಯಲು ಹೋಗಲಿ, ಆದರೆ ಸಾಲದ ವಿಭಾಗ ಬೇಡ. ಆಕೆ ಕಾಲೇಜಿಗೆ ಹೇಳಿ ಉಳಿತಾಯ ಖಾತೆ ಮತ್ತು ಗ್ರಾಹಕ ಸೇವೆಯ ವಿಷಯ ಆರಿಸಿಕೊಂಡಳು. ಆ ಆಯ್ಕೆಯೇ ಮುಂದೆ ನಮಗೆಲ್ಲ ಉಪಕಾರವಾಯಿತು.

ಹಾಗೆಂದು ಬ್ಯಾಂಕು ನಮ್ಮ ಕರಾವಳಿಯ ಮುಸ್ಲಿಮರಿಗೆ ಪರಕೀಯವೇನಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಕಟ್ಟಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಕೊನೆಗೆ ಬ್ಯಾಂಕಿನಲ್ಲಿದ್ದ ಹಣ 38 ರೂಪಾಯಿ 13 ಆಣೆ 2 ಪೈ ಎಂದು ನಮ್ಮ ಹಿರಿಯರು ಬಾಯಿಪಾಠದಂತೆ ಹೇಳುತ್ತಿದ್ದರು. 2020ರ ಏಪ್ರಿಲ್ 1ರಂದು ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹಳೆಯ ಪಾಸ್‌ಬುಕ್ ಇನ್ನೂ ಕಪಾಟಿನಲ್ಲಿಟ್ಟುಕೊಂಡವರು ನಮ್ಮ ದಾನಿಗಳಲ್ಲೇ ಇರಬಹುದು.

ಮೊದಲ ವಾರ ಆಕೆಗೆ ಬಹಳ ಬೇಸರವಾಗಿತ್ತು. ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಕಂಪ್ಯೂಟರಿನ ಪಾಸ್‌ವರ್ಡ್ ಕೊಡಲಿಲ್ಲ, ನಗದು ಮುಟ್ಟಲು ಬಿಡಲಿಲ್ಲ. "ಸರ್, ನಾನು ಚಲನ್ ಬರೆದುಕೊಡುವವಳಾಗಿ ಬಿಟ್ಟೆ," ಎಂದು ಫೋನಿನಲ್ಲಿ ಹೇಳಿದಳು. ಅದಾದರೂ ಕಲಿಕೆಯೇ ಎಂದು ನಂತರ ಅವಳಿಗೆ ಅನಿಸಿತಂತೆ. ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಕೊಡದೆ ಮುಖ್ಯ ವ್ಯವಹಾರಗಳು ಮುಂದೆ ಹೋಗುವುದಿಲ್ಲ. ಕೌಂಟರಿನಲ್ಲಿ ತಡವಾಗುವುದು ಯಾವಾಗಲೂ ಸೋಮಾರಿತನದಿಂದಲ್ಲ ಎಂದು ಅರ್ಥವಾಗಲು ಒಳಗೆ ಕುಳಿತು ನೋಡಬೇಕಾಯಿತು.

ಎರಡನೇ ವಾರದಲ್ಲಿ ಒಂದು ತಪ್ಪಾಯಿತು. ಬೀಡಿ ಕಟ್ಟುವ ಒಬ್ಬ ತಾಯಿ ಮಗಳ ಸ್ಕಾಲರ್‌ಶಿಪ್ ಹಣ ಬಂದಿಲ್ಲವೆಂದು ಬಂದಿದ್ದರು. ಪಾಸ್‌ಬುಕ್ ನೋಡಿದ ನಮ್ಮ ಹುಡುಗಿ, ಖಾತೆ ನಿಷ್ಕ್ರಿಯವಾಗಿದೆ, ಇವತ್ತು ಸರಿಮಾಡಿಸಿದರೆ ಹಣ ಬರುತ್ತದೆ ಎಂದು ಭರವಸೆ ಕೊಟ್ಟುಬಿಟ್ಟಳು. ಖಾತೆ ಸರಿಯಾಯಿತು, ಹಣ ಬರಲಿಲ್ಲ. ಆ ತಾಯಿ ಅರ್ಧ ದಿನದ ಬೀಡಿ ಬಿಟ್ಟು ಎರಡನೇ ಸಲ ಬಂದರು. ಅಧಿಕಾರಿಯವರು ಎಲ್ಲರೆದುರು ಗದರಿದರು: "ಗೊತ್ತಿಲ್ಲದಿದ್ದರೆ ಕೇಳಿ ಹೇಳಬೇಕು, ಆಸೆ ಹುಟ್ಟಿಸಬಾರದು." ಆಮೇಲೆ ಅವರೇ ಪಕ್ಕಕ್ಕೆ ಕೂರಿಸಿಕೊಂಡು ವಿವರಿಸಿದರು. ಆಕೆಯ ವರದಿಯ ವಿಷಯ ಅಲ್ಲಿಂದಲೇ ಹುಟ್ಟಿತು. ಪೋಷಕರು ದಯವಿಟ್ಟು ಇದನ್ನು ಗಮನವಿಟ್ಟು ಓದಬೇಕು.

ಸರಕಾರಿ ವಿದ್ಯಾರ್ಥಿವೇತನ, ಅದು ರಾಷ್ಟ್ರೀಯ ಪೋರ್ಟಲ್ಲಿನದಾಗಲಿ ನಮ್ಮ ರಾಜ್ಯದ ಎಸ್.ಎಸ್.ಪಿ.ಯದಾಗಲಿ, ಈಗ ಹೆಚ್ಚಾಗಿ ಆಧಾರ್ ಸಂಖ್ಯೆಯ ಮೂಲಕ ಖಾತೆಗೆ ಬರುತ್ತದೆ. "ನಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ" ಎಂದು ಎಲ್ಲರೂ ಹೇಳುತ್ತಾರೆ. ಅದು ಸಾಲದು. ಗುರುತಿನ ದಾಖಲೆಯಾಗಿ ಆಧಾರ್ ಕೊಟ್ಟಿರುವುದು ಒಂದು, ಎನ್.ಪಿ.ಸಿ.ಐ. ಎಂಬ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್ ಸಂಖ್ಯೆಯ ಎದುರು ಆ ಬ್ಯಾಂಕಿನ ಹೆಸರು ಸೇರಿರುವುದು ಇನ್ನೊಂದು. ಎರಡನೆಯದಕ್ಕೆ ಸೀಡಿಂಗ್ ಎನ್ನುತ್ತಾರೆ. ಒಬ್ಬರಿಗೆ ಮೂರು ಬ್ಯಾಂಕುಗಳಲ್ಲಿ ಖಾತೆ ಇದ್ದರೂ ಆ ಪಟ್ಟಿಯಲ್ಲಿ ಒಂದು ಬ್ಯಾಂಕಿಗೆ ಮಾತ್ರ ಜಾಗ. ಕೊನೆಗೆ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟಿದ್ದೀರೋ ಹಣ ಅಲ್ಲಿಗೆ ಹೋಗುತ್ತದೆ. ಆ ಬೀಡಿ ಕಾರ್ಮಿಕ ತಾಯಿಯ ಮಗಳಿಗೆ ಆಗಿದ್ದೂ ಇದೇ. ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದು ಮರೆತುಬಿಟ್ಟ ಬೇರೆ ಬ್ಯಾಂಕಿನ ಖಾತೆಯೇ ಪಟ್ಟಿಯಲ್ಲಿ ಉಳಿದಿತ್ತು. ಆ ಖಾತೆಯೂ ಮುಚ್ಚಿಹೋಗಿತ್ತು. ಹಣ ಹೊರಟ ಕಡೆಗೇ ವಾಪಸು ಹೋಗಿತ್ತು.

ಇದನ್ನು ನೋಡಲು ಬ್ಯಾಂಕಿಗೆ ಹೋಗಬೇಕೆಂದಿಲ್ಲ. ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿದ್ದರೆ 'ಮೈ ಆಧಾರ್' ತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬಲ್ಲಿ ಬ್ಯಾಂಕಿನ ಹೆಸರು ಕಾಣುತ್ತದೆ. ಬದಲಾಯಿಸಬೇಕಾದರೆ ಶಾಖೆಯಲ್ಲಿ ಒಪ್ಪಿಗೆಯ ಫಾರಂ ತುಂಬಿಸಿ ಕೊಡಬೇಕು, ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ಕೊಟ್ಟುಬಂದೆವು ಎಂದು ಸುಮ್ಮನಿರಬಾರದು.

ಇನ್ನು ನಿಷ್ಕ್ರಿಯ ಖಾತೆಯ ಮಾತು. ಎರಡು ವರ್ಷ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ಇಲ್ಲದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವೆಂದು ಗುರುತಾಗುತ್ತದೆ. ಬ್ಯಾಂಕು ತಾನಾಗಿ ಹಾಕುವ ಬಡ್ಡಿ ಲೆಕ್ಕಕ್ಕಿಲ್ಲ. ವಿದ್ಯಾರ್ಥಿವೇತನಕ್ಕೆಂದೇ ತೆರೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಹಾಗೆ ನಿಷ್ಕ್ರಿಯಗೊಳಿಸಬಾರದೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಸೂಚನೆ ಕೊಟ್ಟಿದೆ. ಮತ್ತೆ ಚಾಲನೆ ಮಾಡಿಸಲು ಶುಲ್ಕ ತೆಗೆದುಕೊಳ್ಳುವಂತಿಲ್ಲವೆಂದೂ ಅದರಲ್ಲಿದೆ. ಕೇಳಿದರೆ ಧೈರ್ಯವಾಗಿ ಹೇಳಿ, ಆದರೆ ಮರ್ಯಾದೆಯಿಂದ ಹೇಳಿ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಕಳೆದುಹೋಗುವುದಿಲ್ಲ, ವಾರಸುದಾರರು ದಾಖಲೆ ಕೊಟ್ಟು ಪಡೆಯಬಹುದು. ಹುಡುಕಲು 2023ರಿಂದ 'ಉದ್ಗಮ್' ಎಂಬ ತಾಣವಿದೆ. ಗಲ್ಫಿನಲ್ಲಿ ದುಡಿದು ತೀರಿಕೊಂಡ ತಂದೆಯ ಹೆಸರಿನ ಖಾತೆ ಎಲ್ಲಿತ್ತೆಂದು ತಿಳಿಯದ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಅಧ್ಯಾಪಕನಾಗಿ ನನಗೆ ನಾಚಿಕೆಯಾದ ಸಂಗತಿಯೊಂದು ಆಕೆಯ ವರದಿಯಲ್ಲಿತ್ತು. ಅಂಕಪಟ್ಟಿಯಲ್ಲಿ ಆಯಿಶಾ, ಆಧಾರಿನಲ್ಲಿ ಆಯೆಷಾ, ಪಾಸ್‌ಬುಕ್ಕಿನಲ್ಲಿ ಆಯಿಶತ್. ಮುಹಮ್ಮದ್ ಎಂಬ ಹೆಸರಿಗಂತೂ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಸ್ಪೆಲ್ಲಿಂಗೋ ಲೆಕ್ಕವಿಲ್ಲ. ಅರ್ಜಿ ತಿರಸ್ಕಾರವಾಗಲು ಇಷ್ಟು ಸಾಕು. ಒಂದನೇ ತರಗತಿಗೆ ಸೇರಿಸುವಾಗ ರಿಜಿಸ್ಟರಿನಲ್ಲಿ ತೋಚಿದಂತೆ ಬರೆದವರು ನಮ್ಮಂಥ ಮೇಷ್ಟ್ರುಗಳೇ ಅಲ್ಲವೇ.

ಉದ್ಯೋಗದ ವಿಷಯ ಅನೇಕರು ಕೇಳಿದ್ದಾರೆ. ಇಂಟರ್ನ್‌ಶಿಪ್ ಮಾಡಿದ ಮಾತ್ರಕ್ಕೆ ಆ ಬ್ಯಾಂಕಿನಲ್ಲಿ ಕೆಲಸ ಸಿಗುವುದಿಲ್ಲ. ಸಾರ್ವಜನಿಕ ವಲಯದ ಹೆಚ್ಚಿನ ಬ್ಯಾಂಕುಗಳಿಗೆ ಐ.ಬಿ.ಪಿ.ಎಸ್. ಪರೀಕ್ಷೆ ಬರೆಯಬೇಕು, ಅದಕ್ಕೆ ಎಂ.ಬಿ.ಎ. ಬೇಡ, ಯಾವುದೇ ಪದವಿ ಸಾಕು. ನಮ್ಮ ವಿದ್ಯಾರ್ಥಿನಿ ಬ್ಯಾಂಕಿಗೆ ಸೇರುವ ಯೋಚನೆಯನ್ನೇ ಸದ್ಯಕ್ಕೆ ಬಿಟ್ಟಿದ್ದಾಳೆ. ಲೆಕ್ಕಪತ್ರದ ಕೆಲಸ ಹುಡುಕುವುದಾಗಿ ಹೇಳುತ್ತಾಳೆ. ಇದನ್ನು ಕೇಳಿ ಸಮಿತಿಯಲ್ಲಿ ಒಬ್ಬಿಬ್ಬರ ಮುಖ ಸಣ್ಣದಾಯಿತು. ನನಗೆ ಹಾಗನಿಸಲಿಲ್ಲ. ತನಗೆ ಯಾವುದು ಹೊಂದದು ಎಂದು ಎಂಟು ವಾರಗಳಲ್ಲಿ ತಿಳಿದದ್ದು ಎಂಟು ವರ್ಷ ಸವೆಸಿ ತಿಳಿಯುವುದಕ್ಕಿಂತ ಅಗ್ಗ.

ಬೀಡಿ ಕಟ್ಟುವ ಆ ತಾಯಿಯ ಮಗಳಿಗೆ ಈ ಸಾಲಿನ ಹಣ ಬಂದಿದೆ. ಹಿಂದಿನ ಸಾಲಿನದು ಬಂದಿಲ್ಲ, ಇನ್ನು ಬರುವ ಹಾಗೆ ಕಾಣುವುದಿಲ್ಲ.

ಈ ಸಾಲಿನಿಂದ ಕಡ್ಡಾಯ ಇಂಟರ್ನ್‌ಶಿಪ್‌ನ ಪ್ರಯಾಣ ಮತ್ತು ಊಟದ ವೆಚ್ಚಕ್ಕೂ ಅರ್ಜಿ ಸಲ್ಲಿಸಬಹುದು, ಕಾಲೇಜಿನ ಪತ್ರ ಲಗತ್ತಿಸಬೇಕು. ವಿದ್ಯಾರ್ಥಿವೇತನದ ಎಲ್ಲ ಅರ್ಜಿದಾರರು ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಜೊತೆಗೆ ತರಬೇಕು, ಆಧಾರಿಗೆ ಜೋಡಿಸಿದ ಮೊಬೈಲನ್ನು ಮನೆಯಲ್ಲಿ ಬಿಟ್ಟು ಬರಬಾರದು. ಅರ್ಜಿ ಸ್ವೀಕರಿಸುವ ಭಾನುವಾರಗಳಂದು ಅಸರ್ ನಮಾಜಿನವರೆಗೆ ನಮ್ಮ ವಿದ್ಯಾರ್ಥಿನಿ ಟ್ರಸ್ಟ್ ಕಚೇರಿಯಲ್ಲಿದ್ದು ಹೆಸರು ಮತ್ತು ಸೀಡಿಂಗ್ ನೋಡಿಕೊಡುತ್ತಾಳೆ.