ಹಿರಿಯರ ಕಾಯಿಲೆ ಮತ್ತು ವಿಮೆಯ ಹಣ

ಕಾಯಿಲೆ ಬಿದ್ದವನಿಗೆ ಮೊದಲು ನೆನಪಾಗುವುದು ತನ್ನ ಊರು. ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಹೈದರಾಬಾದಿಗೆ ದುಡಿಯಲು ಬಂದ ಹಿರಿಯರ ಮಟ್ಟಿಗಂತೂ ಈ ಮಾತು ಇನ್ನಷ್ಟು ಸತ್ಯ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗಳು ಹೈದರಾಬಾದು ರಾಜ್ಯದ ಭಾಗವೇ ಆಗಿದ್ದುದರಿಂದ ನಗರಕ್ಕೂ ಹಳ್ಳಿಗೂ ನಡುವಿನ ಹಾದಿ ಅವರಿಗೆ ಹಿತ್ತಲ ಹಾದಿಯಷ್ಟೇ ಪರಿಚಿತ. ನಾಲ್ಕು ದಿನ ಜ್ವರ ಇಳಿಯದಿದ್ದರೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಾರೆ. ಅಲ್ಲಿ ಸ್ವಂತ ಮನೆಯಿದೆ, ನಾಡಿ ಬಲ್ಲ ವೈದ್ಯರಿದ್ದಾರೆ, ಗಂಜಿ ಕಾಸಿ ಕೊಡುವವರಿದ್ದಾರೆ. ಮೂರು ವಾರದ ಮೇಲೆ ಚೇತರಿಸಿಕೊಂಡು ಮರಳಿದಾಗ ಆ ದಿನಗಳ ವೇತನವೂ ಇಲ್ಲ, ವಿಮೆಯ ಹಣವೂ ಇಲ್ಲ. ಈ ಎರಡನೆಯ ನಷ್ಟವನ್ನು ತಪ್ಪಿಸಬಹುದು. ತಪ್ಪಿಸಬೇಕಾದವರು ಬಹುಮಟ್ಟಿಗೆ ಮನೆಯ ಕಿರಿಯರು.

ಸನತ್‌ನಗರದ ಹೆಸರಿನಲ್ಲಿಯೇ ಕೈಗಾರಿಕೆಯಿದೆ; ಉರ್ದುವಿನಲ್ಲಿ ‘ಸನತ್’ ಎಂದರೆ ಅದೇ ಅರ್ಥ. 1942ರಲ್ಲಿ ಸ್ಥಾಪಿತವಾದ ಹೈದರಾಬಾದ್ ಆಲ್ವಿನ್ ಕಾರ್ಖಾನೆ ಇಲ್ಲಿ ಬಸ್ಸಿನ ಒಡಲುಗಳನ್ನೂ ರೆಫ್ರಿಜರೇಟರುಗಳನ್ನೂ ತಯಾರಿಸಿ ಹೆಸರಾಗಿತ್ತು. ಕಾರ್ಮಿಕರ ರಾಜ್ಯ ವಿಮಾ ನಿಗಮದ ದೊಡ್ಡ ಆಸ್ಪತ್ರೆ ಇರುವುದೂ ಇಲ್ಲಿಯೇ. 2016ರಿಂದ ಅದರೊಡನೆ ವೈದ್ಯಕೀಯ ಕಾಲೇಜೂ ನಡೆಯುತ್ತಿದೆ. ಮೆಟ್ರೋ ರೈಲಿನ ಒಂದು ನಿಲ್ದಾಣಕ್ಕೆ ‘ಇ.ಎಸ್.ಐ. ಆಸ್ಪತ್ರೆ’ ಎಂದೇ ಹೆಸರು. ಇಷ್ಟು ಸಮೀಪದಲ್ಲಿದ್ದರೂ ಆ ಆಸ್ಪತ್ರೆಯನ್ನು ಔಷಧ ದೊರೆಯುವ ಸ್ಥಳವೆಂದು ಬಲ್ಲವರೇ ಹೆಚ್ಚು. ಅಲ್ಲಿಯ ಒಂದು ಕಾಗದದಿಂದ ಹಣವೂ ದೊರೆಯುತ್ತದೆಂದು ಬಲ್ಲವರು ಕಡಿಮೆ.

ಈ ಹಣ ದಾನವಲ್ಲವೆಂಬುದನ್ನು ಹಿರಿಯರಿಗೆ ಮೊದಲು ಮನವರಿಕೆ ಮಾಡಿಕೊಡಬೇಕು. ಸ್ವಾಭಿಮಾನಿಗಳಾದ ಅನೇಕರು ‘ಸರ್ಕಾರದ ಮುಂದೆ ಕೈ ಚಾಚುವುದೇ?’ ಎಂದು ಸುಮ್ಮನಾಗುತ್ತಾರೆ. ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆಯನ್ನು ರೂಪಿಸಲು 1943ರಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರನ್ನು ನೇಮಿಸಲಾಯಿತು. 1944ರಲ್ಲಿ ಅವರ ವರದಿ ಬಂದಿತು. ಅದನ್ನು ಆಧರಿಸಿ 1948ರಲ್ಲಿ ಕಾಯಿದೆಯಾಯಿತು. 1952ರ ಫೆಬ್ರುವರಿ 24ರಂದು ಕಾನ್ಪುರದಲ್ಲಿ ಯೋಜನೆ ಉದ್ಘಾಟನೆಗೊಂಡಿತು. ಜರ್ಮನಿ 1883ರಲ್ಲಿ, ಬ್ರಿಟನ್ 1911ರಲ್ಲಿ ಹಿಡಿದ ಮಾರ್ಗವೇ ಇದು: ಆರೋಗ್ಯವಿದ್ದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟುವುದು, ಮಲಗಿದವರು ಪಡೆಯುವುದು. 2019ರ ಜುಲೈಯಿಂದ ಕಾರ್ಮಿಕನ ವೇತನದಲ್ಲಿ ಶೇಕಡ 0.75, ಮಾಲೀಕನಿಂದ ಶೇಕಡ 3.25 ವಂತಿಗೆ ಸಲ್ಲುತ್ತಿದೆ. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆಯಾದರೂ ವ್ಯವಸ್ಥೆಯ ತಿರುಳು ಬದಲಾಗಿಲ್ಲ. ಪ್ರತಿ ತಿಂಗಳೂ ಕಟ್ಟಿದ ವಂತಿಗೆಯ ಮೇಲಿನ ಹಕ್ಕನ್ನು ಕೇಳುವುದರಲ್ಲಿ ನಾಚಿಕೆಗೆ ಕಾರಣವೇ ಇಲ್ಲ.

ಕೆಲಸ ಕೆಡುವುದು ಸಾಮಾನ್ಯವಾಗಿ ಎರಡು ಬಾಗಿಲುಗಳ ಗೊಂದಲದಿಂದ. ಪರೀಕ್ಷೆ, ಔಷಧ, ಪ್ರಮಾಣಪತ್ರ ಇವು ಔಷಧಾಲಯದ ಅಥವಾ ಆಸ್ಪತ್ರೆಯ ಕೆಲಸ. ಹಣ ಕೊಡುವುದು ನಿಗಮದ ಶಾಖಾ ಕಚೇರಿಯ ಕೆಲಸ. ವೈದ್ಯರು ಔಷಧ ಬರೆದುಕೊಟ್ಟ ಮಾತ್ರಕ್ಕೆ ಹಣ ತಾನಾಗಿ ಬರುವುದಿಲ್ಲ. ‘ಇಂಥ ದಿನದಿಂದ ಈತನಿಗೆ ವಿಶ್ರಾಂತಿ ಅಗತ್ಯ’ ಎಂಬ ಪ್ರಮಾಣಪತ್ರವನ್ನು ಕೇಳಿಯೇ ಪಡೆಯಬೇಕು. ವಿಶ್ರಾಂತಿ ಮುಂದುವರಿದರೆ ಮಧ್ಯಂತರ ಪ್ರಮಾಣಪತ್ರಗಳು, ಕೆಲಸಕ್ಕೆ ಮರಳುವಾಗ ಅಂತಿಮ ಪ್ರಮಾಣಪತ್ರ. ಇವುಗಳ ದಿನಾಂಕಗಳು ಸರಪಳಿಯ ಕೊಂಡಿಗಳಿದ್ದಂತೆ. ನಡುವೆ ಒಂದು ಕಳಚಿದರೆ ಆ ದಿನಗಳ ಹಣ ಕೈ ಬಿಟ್ಟಂತೆಯೇ. ಎಪ್ಪತ್ತು ಪುಟದ ನೋಟುಪುಸ್ತಕವೊಂದರಲ್ಲಿ ಈ ದಿನಾಂಕಗಳನ್ನು ಬರೆದಿಡುವ ಸೋದರಳಿಯ ಅಥವಾ ಸೊಸೆ, ಬುಟ್ಟಿಗಟ್ಟಲೆ ಹಣ್ಣು ತರುವ ನೆಂಟರಿಗಿಂತ ರೋಗಿಗೆ ಹೆಚ್ಚು ಉಪಕಾರಿ.

ಊರಿಗೆ ಹೋಗುವ ಪ್ರಶ್ನೆ ಎದುರಾಗುವುದು ಇಲ್ಲಿಯೇ. ಕಾಯಿಲೆಯ ಭತ್ಯೆ ಪಡೆಯುವವನು ವಿಮಾ ವೈದ್ಯರ ಚಿಕಿತ್ಸೆಯಲ್ಲಿಯೇ ಇರಬೇಕು, ಅವರ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶವನ್ನು ಬಿಟ್ಟು ಹೋಗಬಾರದು ಎಂಬುದು ಕಾನೂನು. ನಿಯಮ ಕಠಿಣವಾಗಿ ಕಾಣಬಹುದು. ನಗರದ ಒಂದು ಕೋಣೆಯಲ್ಲಿ ಒಂಟಿಯಾಗಿ ಅಡುಗೆ ಮಾಡಿಕೊಂಡು ಬದುಕುವ ಮುದುಕನ ಸ್ಥಿತಿ ಅದನ್ನು ಬರೆದವರ ಕಣ್ಣಿಗೆ ಬಿದ್ದಂತಿಲ್ಲ. ಆದರೆ ದಾರಿ ಮುಚ್ಚಿಲ್ಲ. ಬಸ್ಸು ಹತ್ತುವ ಮೊದಲು ಔಷಧಾಲಯಕ್ಕೆ ಹೋಗಿ ಪ್ರಮಾಣಪತ್ರವನ್ನೂ ಅನುಮತಿಯನ್ನೂ ಪಡೆಯಬೇಕು. ಕಲಬುರಗಿಯಲ್ಲಿ ನಿಗಮದ್ದೇ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇರುವುದರಿಂದ ಆ ಕಡೆಯವರು ವಿಮಾ ಕಾರ್ಡು ತೋರಿಸಿ ಅಲ್ಲಿ ಚಿಕಿತ್ಸೆ ಮುಂದುವರಿಸಲು ಸಾಧ್ಯ. ಹಳ್ಳಿಯ ಖಾಸಗಿ ವೈದ್ಯರ ಚೀಟಿಯನ್ನು ಸಂದರ್ಭ ನೋಡಿ ಒಪ್ಪುವ ಅಧಿಕಾರ ನಿಗಮಕ್ಕಿದೆಯಾದರೂ ಅದು ಅದರ ವಿವೇಚನೆ. ಅದನ್ನು ನಂಬಿ ಹೊರಡುವುದು ಜಾಣತನವಲ್ಲ.

ಹಣದ ಲೆಕ್ಕ ಹೀಗಿದೆ. ದಿನದ ಸರಾಸರಿ ವೇತನದ ಶೇಕಡ 70ರಂತೆ, ವರ್ಷಕ್ಕೆ 91 ದಿನಗಳವರೆಗೆ ಭತ್ಯೆ. ಸರಾಸರಿ 600 ರೂಪಾಯಿ ಆದರೆ ದಿನಕ್ಕೆ 420 ರೂಪಾಯಿ. 91 ದಿನಕ್ಕೆ 38,220 ರೂಪಾಯಿ. ಸಾಮಾನ್ಯವಾಗಿ ಮೊದಲ 2 ದಿನಗಳಿಗೆ ಹಣವಿಲ್ಲ. 15 ದಿನಗಳೊಳಗೆ ಮತ್ತೆ ಮಲಗಿದರೆ ಆ ಕಡಿತ ಮರಳಿ ಆಗದು. ಅರ್ಹತೆಗೆ ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ಯಾವ ಆರು ತಿಂಗಳು ಎಂಬಲ್ಲಿ ಓದು ಬಲ್ಲವರೂ ಎಡವುತ್ತಾರೆ. ಜನವರಿಯಿಂದ ಜೂನ್‌ವರೆಗಿನ ಕಾಯಿಲೆಗೆ ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರ್ ವಂತಿಗೆಯನ್ನೂ, ಜುಲೈಯಿಂದ ಡಿಸೆಂಬರ್‌ವರೆಗಿನ ಕಾಯಿಲೆಗೆ ಹಿಂದಿನ ಅಕ್ಟೋಬರ್–ಮಾರ್ಚ್ ವಂತಿಗೆಯನ್ನೂ ನೋಡುತ್ತಾರೆ. ‘ಹೋದ ತಿಂಗಳು ಕೆಲಸ ಸರಿಯಾಗಿ ಸಿಗಲಿಲ್ಲ, ನಮಗೇನು ಬರುತ್ತದೆ’ ಎಂದು ಹಿರಿಯರು ಕೈಚೆಲ್ಲಿದರೆ ಅದನ್ನು ನಂಬದೆ ಹಳೆಯ ಲೆಕ್ಕವನ್ನು ತೆಗೆಸಿ ನೋಡಬೇಕು. ಸಂಬಳ ಸಹಿತ ರಜೆ ಪಡೆದ ದಿನಗಳಿಗೆ ಭತ್ಯೆ ಇಲ್ಲವೆಂಬುದೂ ನೆನಪಿರಲಿ.

ದೀರ್ಘ ಕಾಯಿಲೆಗಳ ವಿಷಯವೇ ಬೇರೆ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ ಮೊದಲಾದ 34 ರೋಗಗಳಿಗೆ, ಎರಡು ವರ್ಷ ಸತತವಾಗಿ ದುಡಿದು ನಿಗದಿತ ವಂತಿಗೆ ಸಲ್ಲಿಸಿದವರಿಗೆ, ವೇತನದ ಶೇಕಡ 80ರಂತೆ ಎರಡು ವರ್ಷಗಳವರೆಗೂ ಭತ್ಯೆ ದೊರೆಯಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇವನ್ನು ‘ಬೀಡಿಯ ಕೆಮ್ಮು’ ಎಂದು ಮರೆಮಾಚುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಕೆಲಸ ಹೋದೀತೆಂಬ ಭಯ ಅವರದು. ಕಫದ ಪರೀಕ್ಷೆ ಬೇಗ ಆದಷ್ಟೂ ರೋಗ ಬೇಗ ಗುಣವಾಗುತ್ತದೆ. ಮನೆಯವರಿಗೆ ತಗಲುವ ಅಪಾಯವೂ ಕಡಿಮೆ. ಮನೆ ನಡೆಯಲು ಹಣ ಬರುತ್ತದೆಂದು ತಿಳಿದರೆ ಎಷ್ಟೋ ಮಂದಿ ಪರೀಕ್ಷೆಗೆ ಒಪ್ಪುತ್ತಾರೆ.

ಕಾಗದಗಳಲ್ಲಿ ಹೆಸರಿನ ತೊಡಕು ನಮ್ಮವರಿಗೆ ವಿಶೇಷ. ಊರಿನಲ್ಲಿ ತಂದೆಯ ಹೆಸರು ಸೇರಿಸಿ ಬರೆದದ್ದು, ಕಾರ್ಖಾನೆಯಲ್ಲಿ ಅಡ್ಡಹೆಸರು ಮೊದಲಾಗಿ, ಬ್ಯಾಂಕಿನಲ್ಲಿ ಬರಿಯ ಇನಿಷಿಯಲ್ ಆಗಿ ನಿಂತಿರುತ್ತದೆ. ಮೂರೂ ಒಂದೇ ಆಗದೆ ಹಣ ಖಾತೆಗೆ ಇಳಿಯುವುದು ಕಷ್ಟ. ಆರೋಗ್ಯವಿರುವಾಗಲೇ ಒಂದು ಭಾನುವಾರ ಹಿರಿಯರೊಡನೆ ಕುಳಿತು ವಿಮಾ ಕಾರ್ಡು, ಆಧಾರ್, ಬ್ಯಾಂಕಿನ ಪುಸ್ತಕಗಳನ್ನು ಹೋಲಿಸಿ ನೋಡಿದರೆ ಜ್ವರದ ಹೊತ್ತಿನಲ್ಲಿ ಅಲೆದಾಟ ತಪ್ಪುತ್ತದೆ.

ನಿವೃತ್ತರಾದವರಿಗೆ ಹಣದ ಭತ್ಯೆ ಇಲ್ಲ. ಆದರೆ ಕನಿಷ್ಠ 5 ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿದ್ದು ವಯೋನಿವೃತ್ತಿ ಹೊಂದಿದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ತಮ್ಮ ಪತಿ ಅಥವಾ ಪತ್ನಿಗೂ ಚಿಕಿತ್ಸೆ ಮುಂದುವರಿಯುತ್ತದೆ. ಇದಕ್ಕೆ ಮಾಲೀಕರಿಂದ ನಿವೃತ್ತಿಯ ದೃಢೀಕರಣ ಬೇಕಾಗುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಅದನ್ನು ಬರೆದುಕೊಡುವವರು ಸಿಗುವುದು ಕಷ್ಟವಾದ್ದರಿಂದ, ಕೆಲಸದ ಕೊನೆಯ ವಾರದಲ್ಲಿಯೇ ಅದನ್ನು ಪಡೆದು ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.