ಎಕ್ಕಂಬಿ ದಾಟಿ ಹೋದ ಏಲಕ್ಕಿ, ಹಾರವಾಗಿ ಬಂತು

ಶಿರಸಿಯಲ್ಲಿ ಹಾವೇರಿ ಬಸ್ಸು ಹತ್ತಿ ಕುಳಿತರೆ ಎಕ್ಕಂಬಿ ಬರುವ ಹೊತ್ತಿಗೆ ಕಿಟಕಿಯಾಚೆಯ ನೋಟವೇ ಬೇರೆಯಾಗಿರುತ್ತದೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ ಹಿಂದೆ ಬಿದ್ದಿರುತ್ತವೆ. ಭತ್ತದ ಗದ್ದೆ, ಗೋವಿನಜೋಳದ ಹೊಲ, ನಡುನಡುವೆ ಸಾಗವಾನಿ ಕಾಡು ಕಾಣತೊಡಗುತ್ತವೆ. ಇಲ್ಲಿಂದ ಒಂದು ದಿಕ್ಕಿಗೆ ಹಾವೇರಿ, ಇನ್ನೊಂದು ದಿಕ್ಕಿಗೆ ಮುಂಡಗೋಡ, ಬೆನ್ನಿಗೆ ಶಿರಸಿ. ಘಟ್ಟವೂ ಬಯಲೂ ಒಂದನ್ನೊಂದು ಮಾತಾಡಿಸುವ ಜಾಗವಿದು.

ಕೆಲವು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಊರಿಗೆ ಮರಳುತ್ತಿದ್ದೆ. ಪಕ್ಕದ ಸೀಟಿನ ಹಿರಿಯರೊಬ್ಬರು ತೊಡೆಯ ಮೇಲೆ ರಟ್ಟಿನ ಡಬ್ಬಿಯೊಂದನ್ನು ಎಳೆಗೂಸಿನ ಹಾಗೆ ಹಿಡಿದು ಕೂತಿದ್ದರು. ಬಸ್ಸು ಕುಲುಕಿದಾಗೆಲ್ಲ ಪಾಯಸದ ಮನೆಯ ಪರಿಮಳ. ನನ್ನ ಕುತೂಹಲ ಕಂಡು ಅವರೇ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಮಡಚಿಟ್ಟ ಏಲಕ್ಕಿ ಹಾರ. ಬೆಳ್ಳನೆಯ ಕಾಯಿಗಳ ಸಾಲು, ನಡುವೆ ಮುತ್ತಿನಂಥ ಮಣಿ, ಜರಿಯ ಹೊಳಪು, ಕೆಳಗೆ ರೇಷ್ಮೆಯ ಗೊಂಡೆ. ಊರಿನ ಶಾಲೆಯಿಂದ ನಿವೃತ್ತರಾಗುವ ಮಾಸ್ತರರ ಸನ್ಮಾನಕ್ಕೆ ಒಯ್ಯುತ್ತಿದ್ದಾರಂತೆ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ದಿನಾ ಕಾಣುವ ಕಾಯಿ ಒಡವೆಯಾಗಿ ಕೂತದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅಂದೇ.

ತೋಟವಿಲ್ಲದ ಊರಿಗೆ ಏಲಕ್ಕಿಯ ಹೆಸರು

ಹಾವೇರಿಯನ್ನು ‘ಏಲಕ್ಕಿ ಕಂಪಿನ ನಾಡು’ ಎಂದು ಕರೆಯುವುದು ರೂಢಿ. 2023ರ ಜನವರಿಯಲ್ಲಿ ಅಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಈ ಮಾತು ಎಲ್ಲರ ಬಾಯಲ್ಲೂ ಇತ್ತು. ಆದರೆ ಹಾವೇರಿಯ ಕರಿಮಣ್ಣಿನ ಬಯಲಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಏಲಕ್ಕಿಗೆ ಬೇಕಾದದ್ದು ನೆರಳು, ತೇವ, ಎಲೆಗೊಬ್ಬರ ತುಂಬಿದ ಮಣ್ಣು. ಅದು ಸಿಗುವುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಣಿವೆ ತೋಟಗಳಲ್ಲಿ, ಅಡಿಕೆ ಮರದ ಬುಡದಲ್ಲಿ. ಹಾಗಾದರೆ ಹಾವೇರಿಗೆ ಈ ಹೆಸರು ಬಂದದ್ದು ಹೇಗೆ?

ನೀರಿನಿಂದ. ಘಟ್ಟದ ಏಲಕ್ಕಿಯನ್ನು ಹಿಂದೆ ಹಾವೇರಿಗೆ ಒಯ್ದು ಅಲ್ಲಿ ಬಿಳಿ ಮಾಡುತ್ತಿದ್ದರು. ಅಂಟುವಾಳ ಮತ್ತು ಸೀಗೆ ಕಲಸಿದ ನೀರಿನಲ್ಲಿ ಕಾಯಿಗಳನ್ನು ತೊಳೆದು, ಒಣಗಿಸಿ, ತೊಟ್ಟು ಕತ್ತರಿಸಿ, ಗಾತ್ರ ನೋಡಿ ವಿಂಗಡಿಸುತ್ತಿದ್ದರು. ಈ ಕೆಲಸಕ್ಕೆ ಅಲ್ಲಿಯ ಬಾವಿಯ ನೀರೇ ಆಗಬೇಕು ಎಂಬ ನಂಬಿಕೆಯಿತ್ತು. ಬ್ರಿಟಿಷರ ಕಾಲದ ಬರಹಗಳಲ್ಲೂ ಹಾವೇರಿಯ ಈ ಏಲಕ್ಕಿ ವ್ಯಾಪಾರದ ಪ್ರಸ್ತಾಪವಿದೆ. ತೋಟದಿಂದ ಮಾಸಲು ಬಣ್ಣದಲ್ಲಿ ಇಳಿದು ಬಂದ ಕಾಯಿ ಇಲ್ಲಿ ಕೆನೆ ಬಣ್ಣಕ್ಕೆ ತಿರುಗಿ ದೂರದ ಪೇಟೆಗಳಿಗೆ ಹೋಗುತ್ತಿತ್ತು. ಬೆಳೆದವರು ಘಟ್ಟದವರು, ಬೆಳಗಿದವರು ಬಯಲಿನವರು.

ಹೀಗೆ ಬಿಳಿ ಏಲಕ್ಕಿಯ ರಾಶಿ ಕಣ್ಣೆದುರಿಗಿದ್ದ ಊರಿನಲ್ಲಿ ದಾರದ ಕೆಲಸ ಬಲ್ಲ ಜನವೂ ಇದ್ದರು. ಹಾರ ಹುಟ್ಟಲು ಈ ಎರಡೂ ಬೇಕಾಗಿದ್ದವು.

ಪಟವೇಗಾರರ ಬೆರಳು

ಪಟವೇಗಾರರೆಂದರೆ ಪಟ್ಟೆಯ, ಅಂದರೆ ರೇಷ್ಮೆ ದಾರದ ಕಸುಬಿನವರು. ಬಂಗಾರದ ಗುಂಡನ್ನು ಅಕ್ಕಸಾಲಿಗ ಮಾಡಿಕೊಡುತ್ತಾನೆ. ಆದರೆ ಬಿಡಿ ಗುಂಡು ಕೊರಳಿಗೆ ಬರುವುದಿಲ್ಲ. ಅವನ್ನು ಹದವಾದ ದಾರದಲ್ಲಿ ಪೋಣಿಸಿ, ಗುಂಡಿಗೂ ಗುಂಡಿಗೂ ನಡುವೆ ಗಂಟು ಹಾಕಿ, ಹಿಂಬದಿಗೆ ಎಳೆಯುವ ದಾರ, ತುದಿಗೆ ಗೊಂಡೆ ಕಟ್ಟಿಕೊಡುವವರು ಪಟವೇಗಾರರು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹೊಸೆಯುತ್ತಾ ಕೂರುವ ಭಂಗಿ ಈ ಕಸುಬಿನ ಗುರುತು. ಜಾತ್ರೆ ಪೇಟೆಗಳಲ್ಲಿ ತಾಳಿ ಸರ ಕಟ್ಟಿಸಿಕೊಳ್ಳಲು ಹೆಂಗಸರು ಇವರ ಮುಂದೆ ಸಾಲು ಕೂರುತ್ತಿದ್ದ ಕಾಲವೊಂದಿತ್ತು.

ಹಾವೇರಿಯ ಏಲಕ್ಕಿ ಹಾರ ಹೆಸರಾದದ್ದು ಅಲ್ಲಿಯ ಪಟವೇಗಾರ ಮನೆತನದಿಂದ. ಬಂಗಾರದ ಗುಂಡಿಗೆ ಗೊತ್ತಿದ್ದ ಬೆರಳು ಏಲಕ್ಕಿ ಕಾಯಿಗೂ ಒಗ್ಗಿಕೊಂಡಿತು. ಒಂದೆಳೆ, ಎರಡೆಳೆಯ ಹಾರದಿಂದ ಹಿಡಿದು ಎದೆ ತುಂಬುವ ಹಲವೆಳೆಯ ಹಾರದವರೆಗೆ ಬಗೆಬಗೆ. ಮದುವೆಗೆ ಏಲಕ್ಕಿಯ ಬಾಸಿಂಗ, ಸನ್ಮಾನಕ್ಕೆ ಏಲಕ್ಕಿಯ ಪೇಟ. ಈ ಮುಸ್ಲಿಂ ಮನೆತನದ ಕೈಯಲ್ಲಿ ಕಟ್ಟಿದ ಹಾರ ದೇವರ ಮೂರ್ತಿಗೂ, ಮಠದ ಸ್ವಾಮಿಗಳಿಗೂ, ಮದುಮಕ್ಕಳಿಗೂ, ಊರಿಗೆ ಬಂದ ಮಂತ್ರಿ ಪ್ರಧಾನಿಗಳಿಗೂ ಬೀಳುತ್ತದೆ. ಇದನ್ನು ಆ ಸೀಮೆಯಲ್ಲಿ ಯಾರೂ ವಿಶೇಷವೆಂದು ಹೇಳಿಕೊಳ್ಳುವುದಿಲ್ಲ. ಹಾರಕ್ಕೆ ಹೇಳಿ ಬರುವುದೆಂದರೆ ಆ ಮನೆಗೇ ಹೇಳಿ ಬರುವುದು, ಅಷ್ಟೇ.

ಒಂದು ಕಾಯಿ, ಒಂದು ಸೂಜಿ

ಬಸ್ಸಿನಲ್ಲಿ ಕಂಡ ಹಾರ ತಲೆಯಿಂದ ಇಳಿಯಲಿಲ್ಲ. ಮನೆಗೆ ಬಂದವಳೇ ಒಂದು ಹಿಡಿ ಏಲಕ್ಕಿ, ಸೂಜಿ, ದಾರ ಹಿಡಿದು ಜಗಲಿಯಲ್ಲಿ ಕೂತೆ. ಮೊದಲ ಕಾಯಿ ಚುಚ್ಚಿದ ಕೂಡಲೇ ಚಟ್ಟೆಂದು ಬಿರಿದು ಕಪ್ಪು ಬೀಜ ಚಾಪೆಯ ತುಂಬ ಚೆಲ್ಲಿತು. ಎರಡನೆಯದೂ ಅಷ್ಟೇ. ಅಡಿಕೆ ಆರಿಸುತ್ತಿದ್ದ ಆಯಿ ಅಲ್ಲಿಂದಲೇ ಹೇಳಿದಳು: “ತಂಗಿ, ಹೊಟ್ಟೆಗೆ ಚುಚ್ಚಡ. ತೊಟ್ಟಿನ ಬುಡ ನೋಡ್ಕ್ಯಂಡು ಚುಚ್ಚು.”

ಏಲಕ್ಕಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರೆ ಆಯಿಯ ಮಾತಿನ ಅರ್ಥ ತಿಳಿಯುತ್ತದೆ. ಕಾಯಿಗೆ ಮೂರು ಮೈ, ಒಳಗೆ ಮೂರು ಕೋಣೆ. ಬಿರಿಯುವಾಗ ಉದ್ದಕ್ಕೆ ಮೂರು ಹೋಳಾಗಿ ಬಾಯಿ ಬಿಡುತ್ತದೆ. ಹೊಟ್ಟೆಯ ಭಾಗದಲ್ಲಿ ಸಿಪ್ಪೆ ಕಾಗದದಷ್ಟು ತೆಳು. ತೊಟ್ಟಿನ ಬುಡದಲ್ಲಿ ನಾರು ದಟ್ಟ. ಸೂಜಿ ಅಲ್ಲಿ ಹೊಕ್ಕರೆ ಕಾಯಿ ನೋಯುವುದಿಲ್ಲ, ದಾರವೂ ಭದ್ರವಾಗಿ ಕೂರುತ್ತದೆ. ಬೆಂಕಿಯ ಶಾಖಕ್ಕೆ ಗರಿಗರಿಯಾಗಿ ಒಣಗಿದ ಕಾಯಿಯಾದರೆ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಡಬೇಕು. ಸಿಪ್ಪೆ ಮೆತ್ತಗಾಗಿ ಸೂಜಿಗೆ ದಾರಿ ಬಿಡುತ್ತದೆ. ಹೆಚ್ಚು ಹೊತ್ತು ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹದ ಇರುವುದು ಈ ಎರಡರ ನಡುವೆ.

ಗಾತ್ರ ಆರಿಸುವುದೇ ಅರ್ಧ ಕೆಲಸ. ಒಂದು ಹಿಡಿಯಲ್ಲಿ ಒಂದೇ ಅಳತೆಯ, ಡೊಂಕಿಲ್ಲದ, ತುದಿ ಮುರಿಯದ ಕಾಯಿ ನಾಲ್ಕೈದು ಸಿಕ್ಕರೆ ಪುಣ್ಯ. ಅಂದು ಸಂಜೆಯವರೆಗೆ ಕೂತು ನಾನು ಪೋಣಿಸಿದ್ದು ಒಂದು ಗೇಣು ಸರ. ಬಂಗಾರ ತೂಗುವ ಲೆಕ್ಕದಲ್ಲಿ ನೋಡೋಣವೆಂದು ಒಂದು ತೊಲ ಏಲಕ್ಕಿ ತೂಗಿದೆ: ಐವತ್ತರ ಮೇಲೆ ಕೆಲವು ಕಾಯಿ ಬಂತು. ಒಂದು ತೊಲ ಬಂಗಾರ ಹೆಬ್ಬೆರಳಿನಷ್ಟು ಜಾಗದಲ್ಲಿ ಅಡಗುತ್ತದೆ. ಒಂದು ತೊಲ ಏಲಕ್ಕಿಗೆ ಒಂದು ಬೊಗಸೆ ಸಾಕು. ಆದರೆ ಐವತ್ತು ಸಲ ಸೂಜಿ ಹಾಕಬೇಕು. ಈ ಒಡವೆಯ ಬೆಲೆ ಯಾವುದರಲ್ಲಿದೆ ಎಂಬುದು ನನಗೆ ಆ ತಕ್ಕಡಿಯ ಮುಂದೆ ಮನವರಿಕೆಯಾಯಿತು.

ಮುಂದೆ ದಾರ ಬಿಟ್ಟು ತಂತಿ ಹಿಡಿದೆ. ತೆಳುವಾದ ಹಿತ್ತಾಳೆ ತಂತಿಯ ತುದಿಯನ್ನು ಸಣ್ಣ ಇಕ್ಕಳದಲ್ಲಿ ಸುತ್ತಿ ಕುಣಿಕೆ ಮಾಡಿ, ಒಂದು ಕರಿಮಣಿ, ಒಂದು ಏಲಕ್ಕಿ, ಮತ್ತೊಂದು ಕರಿಮಣಿ ಏರಿಸಿ, ಮೇಲೆ ಕೊಕ್ಕೆ ಬಾಗಿಸಿದರೆ ಕಿವಿಗೆ ಜುಮುಕಿಯಂಥದ್ದೊಂದು ಸಿದ್ಧ. ಎರಡೂ ಕಡೆಯ ಮಣಿ ಕಾಯಿಯನ್ನು ಅದುಮಿ ಹಿಡಿಯುವುದರಿಂದ ಬಾಯಿ ಬಿಡುವುದಿಲ್ಲ. ಕಿವಿಗೆ ಹಾಕಿದ ನೆನಪೂ ಇರದಷ್ಟು ಹಗುರ. ತಲೆ ತಿರುಗಿಸಿದಾಗ ಮಾತ್ರ ಪರಿಮಳ ನೆನಪಿಸುತ್ತದೆ. ನಮ್ಮ ಮಳೆಗಾಲಕ್ಕೆ ಒಂದು ಎಚ್ಚರಿಕೆ ಬೇಕು: ಹಿತ್ತಾಳೆ, ತಾಮ್ರ ಎರಡೂ ಕಿಲುಬು ಹಿಡಿದು ಕಾಯಿಗೆ ಹಸಿರು ಕಲೆ ಬಿಡುತ್ತವೆ. ಆರಿದ್ರ ಮಳೆ ಹಿಡಿಯುವ ಮೊದಲೇ ಒಣ ಡಬ್ಬಿಗೆ ಸೇರಿಸಿಡಬೇಕು.

ಹಲವು ದಾರಿಯ ಮಣಿಗಳು

ಸಿಕ್ಕಿದ್ದನ್ನು ಪೋಣಿಸಿ ಒಡವೆ ಮಾಡುವ ಬುದ್ಧಿ ಏಲಕ್ಕಿಗಷ್ಟೇ ನಿಂತಿಲ್ಲ. ಎಕ್ಕಂಬಿಯಲ್ಲಿ ನಿಂತು ಯಾವ ದಾರಿ ಹಿಡಿದರೂ ಅದು ಕಾಣುತ್ತದೆ.

ಮುಂಡಗೋಡದ ದಾರಿಯಲ್ಲಿ ಹೋದರೆ 1966ರಲ್ಲಿ ನೆಲೆಗೊಂಡ ಟಿಬೆಟನ್ನರ ಕಾಲೊನಿ. ಅವರ ಕೊರಳಲ್ಲಿ ಹವಳ, ಫಿರೋಜಾ ಕಲ್ಲು. ಕೈಯಲ್ಲಿ ಮರದ, ಬೀಜದ 108 ಮಣಿಗಳ ಜಪಸರ. ಆ ಸುತ್ತಿನ ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರ ಉಡುಗೆಯಲ್ಲಿ ಕವಡೆ, ಕನ್ನಡಿ ಚೂರು, ಹಳೆಯ ನಾಣ್ಯ. ಮೊಣಕೈ ದಾಟುವ ಅವರ ಬಿಳಿ ಬಳೆ ಹಿಂದೆ ದಂತದ್ದು, ಎಲುಬಿನದು. ಈಗ ಪ್ಲಾಸ್ಟಿಕ್ಕಿನದು. ವಸ್ತು ಬದಲಾದರೂ ಸಾಲು ಬದಲಾಗಿಲ್ಲ.

ಶಿರಸಿ, ಸಿದ್ದಾಪುರ, ಸಾಗರದ ಕಡೆ ಬಂದರೆ ಗುಡಿಗಾರರು. ಗಂಧದ ಕೆತ್ತನೆಗೆ ಹೆಸರಾದ ಇವರು ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡದಿಂದ ಬಾಸಿಂಗ ಮಾಡುತ್ತಾರೆ. ಬೆಂಡಿನ ಬಿಳಿ ತಿರುಳನ್ನು ಕಾಗದದ ಹಾಗೆ ಸೀಳಿ, ಹೂವು ಮೊಗ್ಗಿನ ಆಕಾರಕ್ಕೆ ತಂದು, ಬಣ್ಣ, ಬೇಗಡೆ ಹಚ್ಚಿ ಕಟ್ಟಿದ ಬಾಸಿಂಗ ಮದುಮಕ್ಕಳ ಹಣೆಯ ಮೇಲೆ ಗರಿಯಷ್ಟು ಹಗುರ. ನಮ್ಮ ಯಕ್ಷಗಾನದ ಭುಜಕೀರ್ತಿ, ಎದೆಕಟ್ಟುಗಳೂ ಇದೇ ಬಳಗದವು: ಹಗುರ ಮರ, ಕನ್ನಡಿ ಚೂರು, ಬೇಗಡೆ, ಬಣ್ಣದ ಮಣಿ. ರಂಗಸ್ಥಳದ ಬೆಳಕಿನಲ್ಲಿ ಅದು ಬಂಗಾರವಲ್ಲವೆಂದು ಯಾರೂ ಹೇಳಲಾರರು.

ಘಟ್ಟ ಇಳಿದು ಅಂಕೋಲಾ, ಕುಮಟಾ ತಲುಪಿದರೆ ಹಾಲಕ್ಕಿ ಒಕ್ಕಲಿಗ ಹೆಂಗಸರ ಮಣಿಸರಗಳು, ಕೊರಳಿನಿಂದ ಎದೆಯವರೆಗೆ ಎಳೆಯ ಮೇಲೆ ಎಳೆ. ಹಾಡಿನ ಕಣಜ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಗಿಡ ಮರಗಳ ತಾಯಿ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದಾಗ, ಇಡೀ ದೇಶ ಆ ಮಣಿಸರಗಳನ್ನು ಕಂಡಿತು. ಇಬ್ಬರೂ ಈಗಿಲ್ಲ. ಅವರ ಚಿತ್ರ ಕಣ್ಣಿಗೆ ಬಂದರೆ ಮೊದಲು ಕಾಣುವುದು ಆ ಮಣಿಗಳೇ.

ಕಾಡಿನ ಬೀಜಗಳಂತೂ ಲೆಕ್ಕವಿಲ್ಲ. ಕೆಂಪು ಮಂಜಟ್ಟಿ, ರುದ್ರಾಕ್ಷಿ, ಹುಟ್ಟಿನಿಂದಲೇ ತೂತಿರುವ ಹುಲ್ಲಿನ ಜಾತಿಯ ಬೂದು ಮಣಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಬಂಗಾರ ತೂಗುತ್ತಿದ್ದ ಗುಲಗಂಜಿಯೂ ಸರಕ್ಕೆ ಚಂದ. ಆದರೆ ಅದರ ಬೀಜದೊಳಗೆ ಕಡು ವಿಷವಿದೆ. ಇಡೀ ಬೀಜದ ಸಿಪ್ಪೆ ಗಟ್ಟಿ, ತೂತು ಕೊರೆದರೆ ಆ ಕಾವಲು ಹೋಗುತ್ತದೆ. ಮಕ್ಕಳಿರುವ ಮನೆಯಲ್ಲಿ ಗುಲಗಂಜಿ ಸರ ಬೇಡವೇ ಬೇಡ.

ಕಟ್ಟಿದವರ ಹೆಸರು

ಈ ಹಾರದ ಎರಡು ತುದಿಗಳೂ ಇಂದು ಸವೆಯುತ್ತಿವೆ. ಘಟ್ಟದ ಮೇಲೆ ‘ಕಟ್ಟೆ ರೋಗ’ ಏಲಕ್ಕಿಯನ್ನು ತಿಂದಿತು. ಗಿಡಹೇನು ಹರಡುವ ಈ ನಂಜು ತಗುಲಿದರೆ ಎಲೆಯ ಮೇಲೆ ತಿಳಿ ಹಸಿರು ಗೆರೆ ಮೂಡಿ, ಹಿಂಡು ವರ್ಷದಿಂದ ವರ್ಷಕ್ಕೆ ಕುಗ್ಗಿ, ಫಸಲೇ ನಿಂತುಹೋಗುತ್ತದೆ. ನಮ್ಮ ಹಿರಿಯರ ತೋಟದಲ್ಲಿ ಅಡಿಕೆಯ ಸಾಲಿನುದ್ದಕ್ಕೂ ಇದ್ದ ಏಲಕ್ಕಿ ಹಿಂಡು ಈಗ ಮನೆಬಳಕೆಗೆ ಉಳಿದದ್ದೇ ಹೆಚ್ಚು. 1923ರಲ್ಲಿ ಕಟ್ಟಿದ ಶಿರಸಿಯ ತೋಟಗಾರರ ಸೇಲ್ ಸೊಸೈಟಿಯಂಥ ಸಂಸ್ಥೆಗಳಿಂದ ಬೆಳೆಗಾರನಿಗೆ ಮಾರುವ ಜಾಗವಿದೆ. ಕೊರತೆಯಿರುವುದು ಕಾಯಿಯದು.

ಬಯಲಿನಲ್ಲಿ ಕೈಗಳ ಕೊರತೆ. ಯಂತ್ರಕ್ಕೆ ಈ ಕೆಲಸ ಬಾರದು, ಯಾಕೆಂದರೆ ಯಾವ ಎರಡು ಕಾಯಿಯೂ ಒಂದೇ ಥರ ಇರುವುದಿಲ್ಲ. ಒಂದೊಂದನ್ನೂ ಬೆರಳು ತಡವಿ ನೋಡಲೇಬೇಕು. ದಿನವಿಡೀ ಬೆನ್ನು ಬಾಗಿಸಿ ಕೂತವರ ಕೂಲಿಯನ್ನು ಕಾಯಿಯ ಬೆಲೆಯಲ್ಲೇ ಕಳೆದು ಚೌಕಾಸಿ ಮಾಡುತ್ತೇವೆ. ಬಂಗಾರದಂಗಡಿಯಲ್ಲಿ ಮಜೂರಿ ಬೇರೆಯಾಗಿ ಬರೆದರೆ ಮಾತಾಡದೆ ಕೊಡುವ ನಾವು ಇಲ್ಲಿ ಮಜೂರಿಯನ್ನು ಕಾಣುವುದೇ ಇಲ್ಲ.

ನನ್ನದೊಂದು ಕೋರಿಕೆ. ಸನ್ಮಾನದ ವೇದಿಕೆಯಲ್ಲಿ ಏಲಕ್ಕಿ ಹಾರ ಹಾಕುವಾಗ ಅದನ್ನು ಕಟ್ಟಿದವರ ಹೆಸರನ್ನೂ ಒಂದು ಸಲ ಹೇಳೋಣ. ಶಾಲು ಹೊದಿಸಿದವರ ಹೆಸರು, ಹಣ್ಣಿನ ಬುಟ್ಟಿ ಕೊಟ್ಟವರ ಹೆಸರು ಮೈಕಿನಲ್ಲಿ ಬರುತ್ತದಲ್ಲ, ಅದರ ಜೊತೆಗೇ. ಹಾರ ಕೊಳ್ಳುವಾಗ ಕಾಯಿಗೆಷ್ಟು, ಕೈಗೆಷ್ಟು ಎಂದು ಕೇಳಿ ಕೈಗೂ ಕೊಡೋಣ. ಮಕ್ಕಳಿಗೆ ರಜೆಯಲ್ಲಿ ಒಂದು ಸೂಜಿ, ಒಂದು ಹಿಡಿ ಏಲಕ್ಕಿ ಕೊಟ್ಟು ಕೂರಿಸೋಣ. ನಾಲ್ಕು ಕಾಯಿ ಬಿರಿಯಲಿ, ಅಡ್ಡಿಯಿಲ್ಲ. ಐದನೆಯದು ದಾರಕ್ಕೆ ಕೂತಾಗ ಕಟ್ಟುವವರ ಕಷ್ಟ ಅವರಿಗೆ ಬೆರಳಿನಿಂದಲೇ ತಿಳಿಯುತ್ತದೆ.

ನಾನು ಪೋಣಿಸಿದ ಆ ಒಂದು ಗೇಣು ಸರ ದೇವರ ಗೂಡಿನ ಮೊಳೆಗೆ ಇಂದಿಗೂ ನೇತಾಡುತ್ತಿದೆ. ಕಾಯಿ ಕಂದಿವೆ, ಗಂಟು ಡೊಂಕಾಗಿವೆ. ಬಿರಿದ ಕಾಯಿಗಳನ್ನು ಆಯಿ ಅಂದೇ ಪಾಯಸಕ್ಕೆ ಹಾಕಿದಳು. ಉಳಿದವನ್ನು ಅವಳು ಮುಟ್ಟಲಿಲ್ಲ. ಹಬ್ಬಕ್ಕೆ ಏಲಕ್ಕಿ ತೀರಿದ ದಿನವೂ ಪೇಟೆಯಿಂದ ತರಿಸಿದಳೇ ಹೊರತು ಆ ಸರಕ್ಕೆ ಕೈ ಹಾಕಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: “ಅದು ಒಡವೆ ಆಯ್ದಲೇ ತಂಗಿ.”