ದೋಷವೇ ಗುಣವಾದ ಸ್ಫಟಿಕ

ಸ್ಫಟಿಕವು ನಿರ್ದುಷ್ಟವಾದಷ್ಟೂ ಶ್ರೇಷ್ಠವೆಂದು ನಾವು ಭಾವಿಸುವುದು ಸಹಜ. ಆದರೆ ದೋಷವೇ ಗುಣವಾಗುವುದೂ ಉಂಟು.

ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ತೋರುವುದನ್ನು 1880ರಲ್ಲಿ ಕ್ಯೂರಿ ಸೋದರರು ಕಂಡರು. ವಿದ್ಯುತ್ತನ್ನು ಪ್ರಯೋಗಿಸಿದರೆ ಅವು ಹಿಗ್ಗಿ ಕುಗ್ಗುವುದನ್ನು ಮರುವರ್ಷ ತೋರಿಸಿದರು. ತೆಳುಪೊರೆಯಲ್ಲಾದರೋ ಈ ಚಲನೆಯು ಅಲ್ಪ. ಕೆಳಗಿನ ಗಡಸು ಆಧಾರವು ಪೊರೆಯನ್ನು ಬಿಗಿಹಿಡಿದಿರುತ್ತದೆ.

2020ರಲ್ಲಿ ಸಿಂಗಪುರದ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ಸೋಡಿಯಂ ಕೊರತೆಯುಳ್ಳ ಸೋಡಿಯಂ ನಯೋಬೇಟಿನ ಪೊರೆಯನ್ನು ಬೆಳೆಯಿಸಿದರು. ಅದರೊಳಗೆ ನೆರೆಯ ಪರಮಾಣುಪಂಕ್ತಿಗೆ ಹೊಂದದ ಅತಿಸೂಕ್ಷ್ಮ ಸ್ತಂಭಗಳು ಮೂಡಿದುವು. ಅವುಗಳ ಎಲ್ಲೆಯಲ್ಲಿ ಪರಮಾಣುಗಳ ವಿನ್ಯಾಸವು ಒಂದೇ ದಿಕ್ಕಿಗೆ ಕಟ್ಟುಬೀಳದೆ, ವಿದ್ಯುತ್ಕ್ಷೇತ್ರಕ್ಕೆ ಸುಲಭವಾಗಿ ಮಣಿಯುತ್ತದೆ. ಒಂದು ವೋಲ್ಟಿಗೆ ಪೊರೆಯು ಸುಮಾರು 1098 ಪಿಕೋಮೀಟರ್ ಹಿಗ್ಗಿತು. ಬೆಣಚುಕಲ್ಲಿನ ಸ್ಫಟಿಕಕ್ಕೆ ಇದು ಸುಮಾರು 2 ಮಾತ್ರ.

ಇಂಥ ಪದಾರ್ಥಗಳಲ್ಲಿ ಬಹುಕಾಲದಿಂದ ಸೀಸವೇ ಪ್ರಧಾನ. ವಿಷಕರವಾದ ಅದನ್ನು ಬಿಡುವ ದಾರಿಯೊಂದನ್ನು ಈ ದೋಷವು ನಮಗೆ ತೋರಿದೆ.